ಎಲ್ಲರಿಗೂ ಪಾವ್ಲೋವನ ನಾಯಿಯೇ ಯಾಕೆ ಬೇಕು?

ಪುಸ್ತಕಕ್ಕೆ ವಿಮರ್ಶೆ ಬರೀತಾರೆ, ಸಿನಿಮಾಕ್ಕೆ ಬರೀತಾರೆ, ನಾಟಕಕ್ಕೆ ಬರೀತಾರೆ. ನಾನು ಈ ಸಲ ಒಂದು ಪಟ್ಟಿಗೆ ವಿಮರ್ಶೆ ಬರೀತಾ ಇದ್ದೀನಿ. ಪಟ್ಟಿ ಅಂದರೆ ಒಂದೇ ಹಾಳೆ. ನಮ್ಮ ಕಡೆಯ ಒಂದು ಪದವಿ ಕಾಲೇಜಿನಲ್ಲಿ ಮನೋವಿಜ್ಞಾನ ಓದುವ ಮಕ್ಕಳಿಗೆ ಒಂದು ಅಸೈನ್‌ಮೆಂಟ್ ಕೊಟ್ಟಿದ್ದಾರೆ. ನಾಲ್ಕು ನಾಲ್ಕು ಜನ ತಂಡ ಮಾಡಿಕೊಳ್ಳಬೇಕು, ಮನೋವಿಜ್ಞಾನದ ಚರಿತ್ರೆಯಿಂದ ಒಂದು ವಿಷಯ ಆರಿಸಿಕೊಳ್ಳಬೇಕು, ಅದರ ಮೇಲೆ ಕನ್ನಡ ವಿಕಿಪೀಡಿಯಕ್ಕೆ ಒಂದು ಲೇಖನ ಬರೆಯಬೇಕು. ನನ್ನಿವಾಳದಿಂದ ದಿನಾ ಬಸ್ಸು ಹತ್ತಿ ಹೋಗಿ ಓದುವ ಕೆಲವು ಮಕ್ಕಳು ಆ ತರಗತಿಯಲ್ಲಿದ್ದಾರೆ. ಮನೆಯಲ್ಲಿ ನಾಲ್ಕು ಪುಸ್ತಕ ಇಟ್ಟುಕೊಂಡಿರೋ ಮೇಷ್ಟ್ರು ಅನ್ನೋ ಕಾರಣಕ್ಕೆ ಆ ಹಾಳೆ ನನ್ನ ಹತ್ರ ಬಂತು. "ಯಾವ್ದು ಈಸಿ ಆಯ್ತದೆ ನೋಡಿ ಹೇಳ್ರಿ ಸಾ" ಅಂದರು.

ಹಾಳೆಯಲ್ಲಿ ಹನ್ನೊಂದು ತಂಡಗಳಿದ್ದವು. ಮೂರು ತಂಡಕ್ಕೆ ಫ್ರಾಯ್ಡ್, ಎರಡಕ್ಕೆ ಪಾವ್ಲೋವ್, ಎರಡಕ್ಕೆ ಮಾಸ್ಲೊ. ಒಂದಕ್ಕೆ ಸ್ಕಿನ್ನರ್, ಒಂದಕ್ಕೆ ಪಿಯಾಜೆ, ಇನ್ನೊಂದಕ್ಕೆ ತೋಳದ ಮಕ್ಕಳು ಅಮಲಾ-ಕಮಲಾ. ಹನ್ನೊಂದನೇ ತಂಡದ ಎದುರಿಗೆ ಏನೋ ಬರೆದು ಕಾಟು ಹೊಡೆದಿತ್ತು, ಅದರ ಪಕ್ಕದಲ್ಲಿ ಮತ್ತೆ ಪಾವ್ಲೋವ್ ಅಂತ ಬರೆದಿತ್ತು. ಆ ಕಾಟು ಹೊಡೆದ ವಿಷಯಕ್ಕೆ ಆಮೇಲೆ ಬರ್ತೀನಿ, ಈ ಬರಹ ಬರೆಯೋಕೆ ಕಾರಣವೇ ಅದು.

ಮೊದಲು ಒಂದು ಮಾತು. ಪಾವ್ಲೋವ್ ಬಗ್ಗೆ ಕನ್ನಡದಲ್ಲಿ ಬರೆಯಬಾರದು ಅಂತ ನಾನು ಹೇಳ್ತಾ ಇಲ್ಲ. ಬರೆಯಲೇಬೇಕು. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟದ 'ಬಾಲಪ್ರಪಂಚ' ತಂದಾಗ, ಆಮೇಲೆ ನಾಲ್ಕು ಸಂಪುಟದ 'ವಿಜ್ಞಾನ ಪ್ರಪಂಚ' ಬರೆದಾಗ, ಲೋಕದ ವಿಚಾರ ಕನ್ನಡದ ಮಕ್ಕಳಿಗೆ ಕನ್ನಡದಲ್ಲೇ ಸಿಗಲಿ ಅಂತಲೇ ಅಷ್ಟು ಒದ್ದಾಡಿದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಬಂತು, ಹದಿನಾಲ್ಕು ಸಂಪುಟ ಮುಗಿಯುವಷ್ಟರಲ್ಲಿ ಒಂದು ತಲೆಮಾರೇ ದಾಟಿತು. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯಿತು. ಕಾರಂತರು ಒಬ್ಬರೇ ಕೂತು ಮಾಡಿದ್ದನ್ನು, ವಿಶ್ವವಿದ್ಯಾನಿಲಯ ನೂರಾರು ಪಂಡಿತರನ್ನು ಕೂಡಿಸಿ ಮಾಡಿದ್ದನ್ನು, ಈಗ ನನ್ನಿವಾಳದ ಹುಡುಗಿಯೊಬ್ಬಳು ಮೊಬೈಲ್ ಹಿಡಿದು ಮುಂದುವರಿಸಬಹುದು. ಇದು ಸಣ್ಣ ಸಂಗತಿ ಅಲ್ಲ. ಅದಕ್ಕೇ ಅವಳು ಯಾವ ವಿಷಯ ಆರಿಸ್ತಾಳೆ ಅನ್ನೋದೂ ಸಣ್ಣ ಸಂಗತಿ ಅಲ್ಲ.

ಪಟ್ಟಿಯ ಮೇಲೆ ನನ್ನ ಮೊದಲ ತಕರಾರು ಹೆಸರುಗಳ ಬಗ್ಗೆ ಅಲ್ಲ, ಅವುಗಳನ್ನು ಆರಿಸಿದ ಕಾರಣದ ಬಗ್ಗೆ. ಯಾಕಪ್ಪಾ ಮಾಸ್ಲೊ ಅಂದರೆ, "ಪಿರಮಿಡ್ ಚಿತ್ರ ಹಾಕಿದ್ರೆ ಅರ್ಧ ಪೇಜು ತುಂಬ್ತದೆ ಸಾ" ಅಂದ ಒಬ್ಬ. ಆ ಪಿರಮಿಡ್ಡನ್ನು ಮಾಸ್ಲೊ ಬರೆದದ್ದೇ ಅಲ್ಲ. ಮನುಷ್ಯನ ಅಗತ್ಯಗಳು ಮೆಟ್ಟಿಲು ಮೆಟ್ಟಿಲಾಗಿ ಇರ್ತವೆ ಅಂತ ಅವನು 1943ರ ಪ್ರಬಂಧದಲ್ಲಿ ವಾದಿಸಿದ್ದು ಹೌದು. ಅದನ್ನು ತ್ರಿಕೋನದಲ್ಲಿ ಕೂರಿಸಿದ್ದು ಆಮೇಲಿನವರು, ಮ್ಯಾನೇಜ್‌ಮೆಂಟ್ ಪಾಠ ಹೇಳುವವರು. ಪಾವ್ಲೋವನ ಗಂಟೆಯ ಕಥೆಯೂ ಹೆಚ್ಚುಕಮ್ಮಿ ಹಾಗೇ. ನಮ್ಮ ಗೈಡುಗಳಲ್ಲಿ ಅವನ ಕೈಯಲ್ಲಿ ಯಾವಾಗಲೂ ಒಂದು ಗಂಟೆ ಇರ್ತದೆ, ದೇವಸ್ಥಾನದ ಪೂಜಾರಿ ಹಂಗೆ. ಅವನ ಪ್ರಯೋಗಾಲಯದಲ್ಲಿ ಮೆಟ್ರೊನೋಮು, ಬಜರು, ದೀಪ ಹೀಗೆ ಹತ್ತಾರು ಸಾಧನಗಳಿದ್ದವು. 1904ರಲ್ಲಿ ಅವನಿಗೆ ನೊಬೆಲ್ ಬಂದದ್ದು ಈ ಕೆಲಸಕ್ಕೆ ಅಲ್ಲ, ಜೀರ್ಣಕ್ರಿಯೆಯ ಸಂಶೋಧನೆಗೆ. ಇಷ್ಟನ್ನು ಸರಿಯಾಗಿ ಬರೆದರೆ ಪಾವ್ಲೋವನ ಮೇಲೆ ಒಳ್ಳೇ ಲೇಖನವೇ ಆಗ್ತದೆ. ಆದರೆ ಈಸಿ ಅಂತ ಆರಿಸಿದವರು ಗೈಡಿನಲ್ಲಿರೋ ತಪ್ಪನ್ನೇ ವಿಶ್ವಕೋಶಕ್ಕೆ ದಾಟಿಸ್ತಾರೆ. ಗೈಡು ವರ್ಷಕ್ಕೊಮ್ಮೆ ರದ್ದಿಗೆ ಹೋಗ್ತದೆ, ವಿಶ್ವಕೋಶದ ಪುಟ ಹೋಗಲ್ಲ.

ಅಮಲಾ-ಕಮಲಾ ವಿಷಯ ಕೇಳಿ ನನಗೆ ನಿಜಕ್ಕೂ ಆಸೆ ಹುಟ್ಟಿತ್ತು. 1920ರಲ್ಲಿ ಬಂಗಾಳದ ಮಿಡ್ನಾಪುರದ ಅನಾಥಾಲಯ ನಡೆಸುತ್ತಿದ್ದ ಸಿಂಗ್ ಅನ್ನೋ ಪಾದ್ರಿ, ತೋಳದ ಗವಿಯಿಂದ ಎರಡು ಹೆಣ್ಣುಮಕ್ಕಳನ್ನು ಹಿಡಿದು ತಂದೆ ಅಂತ ಡೈರಿ ಬರೆದ. ಕತೆಯ ಬಹುಪಾಲು ಆ ಡೈರಿಯೊಂದನ್ನೇ ನಂಬಿ ನಿಂತಿದೆ. ಅಮೆರಿಕದ ಮಕ್ಕಳ ಮನೋವಿಜ್ಞಾನಿ ಗೆಸೆಲ್ ಅದನ್ನು ನಂಬಿ 1941ರಲ್ಲಿ ಪುಸ್ತಕವನ್ನೇ ಬರೆದ. ಮುಂದೆ ಹುಡುಕುತ್ತಾ ಹೋದವರಿಗೆ ಒಂದೊಂದೇ ಅನುಮಾನ ಬಂತು. ಆ ಮಕ್ಕಳು ಹುಟ್ಟಿನಿಂದಲೇ ಬೆಳವಣಿಗೆಯ ತೊಂದರೆ ಇದ್ದವರು, ತೋಳದ ಭಾಗ ಕಟ್ಟಿದ ಕತೆ ಅನ್ನೋ ವಾದ ಈಗ ಬಲವಾಗಿದೆ. ನಮ್ಮ ಶಿಕ್ಷಣ ಮನೋವಿಜ್ಞಾನದ, ಸಮಾಜಶಾಸ್ತ್ರದ ಗೈಡುಗಳಲ್ಲಿ ಮಾತ್ರ ಅವರು ಇನ್ನೂ ನಾಲ್ಕು ಕಾಲಲ್ಲೇ ಓಡಾಡ್ತಿದ್ದಾರೆ. ಒಂದು ಸುಳ್ಳುಕತೆ ಪಠ್ಯದೊಳಗೆ ಹೇಗೆ ಮನೆ ಮಾಡಿಕೊಂಡಿತು ಅಂತ ಬರೆದರೆ ಅದಕ್ಕಿಂತ ಒಳ್ಳೇ ವಿಷಯ ಇನ್ನೊಂದಿಲ್ಲ. ಆ ತಂಡದ ಹುಡುಗನಿಗೆ ಇದನ್ನು ಹೇಳಿದಾಗ, "ಸುಳ್ಳು ಅಂತ ಬರೆದ್ರೆ ಮಾರ್ಕ್ಸ್ ಕೊಡ್ತಾರಾ ಸಾ?" ಅಂತ ಕೇಳಿದ. ಕೊಡಬೇಕಪ್ಪಾ, ಕೊಡದಿದ್ದರೆ ಅದು ಮನೋವಿಜ್ಞಾನದ ತರಗತಿ ಅಲ್ಲ.

ಎರಡನೇ ತಕರಾರು ಭಾಷೆಯದು. ಫ್ರಾಯ್ಡ್, ಪಾವ್ಲೋವ್ ಆರಿಸಿದರೆ ಇಂಗ್ಲಿಷಿನಲ್ಲಿ ದೊಡ್ಡ ಲೇಖನ ಸಿದ್ಧ ಇರ್ತದೆ. ಮೊಬೈಲಿಗೆ ಹಾಕಿ ಒತ್ತಿದರೆ ಕನ್ನಡವಾಗಿ ಉದುರ್ತದೆ. ಹಾಗೆ ಉದುರಿದ ಒಂದು ಹಾಳೆ ನನಗೆ ತೋರಿಸಿದರು. ಅದರಲ್ಲಿ 'ಶಾಸ್ತ್ರೀಯ ಕಂಡೀಷನಿಂಗ್' ಅಂತಿತ್ತು. ಶಾಸ್ತ್ರೀಯ ಅಂದ ಕೂಡಲೇ ನಮಗೆ ನೆನಪಾಗೋದು ಮಲ್ಲಿಕಾರ್ಜುನ ಮನ್ಸೂರರ ಸಂಗೀತ, ನಾಯಿಯ ಜೊಲ್ಲಲ್ಲ. ಕಲಿಕೆಯ ಈ ಬಗೆಗೆ 'ಅನುಬಂಧನ' ಅನ್ನೋ ಪದ ಕನ್ನಡದ ಪಾಠಪುಸ್ತಕಗಳಲ್ಲಿ ಬಹಳ ಹಿಂದಿನಿಂದ ಇದೆ. ಅದು ಹಿಡಿಸದಿದ್ದರೆ ಬಿಡಿಸಿ ಹೇಳಬಹುದು. ಊಟಕ್ಕೂ ಸದ್ದಿಗೂ ಸಂಬಂಧವೇ ಇಲ್ಲ, ಎರಡನ್ನೂ ಮತ್ತೆ ಮತ್ತೆ ಜೊತೆಗೆ ಕೊಟ್ಟರೆ ಕೊನೆಗೆ ಬರೀ ಸದ್ದಿಗೇ ಬಾಯಲ್ಲಿ ನೀರು ಬರ್ತದೆ. ಸಂತೆಯ ದಿನ ಮಂಡಕ್ಕಿ ಚೀಲದ ಸದ್ದಿಗೆ ಮಕ್ಕಳು ಓಡಿ ಬರೋದು ನೋಡಿದವರಿಗೆ ಇದನ್ನು ವಿವರಿಸೋಕೆ ಯಂತ್ರ ಬೇಕಾಗಿಲ್ಲ.

ಇಂಥ ಅಸೈನ್‌ಮೆಂಟುಗಳಿಗೆ ಒಂದು ಚರಿತ್ರೆ ಇದೆ. 2011ರಲ್ಲಿ ಅಮೆರಿಕದ ಮನೋವಿಜ್ಞಾನಿಗಳ ಸಂಘ ಅಸೋಸಿಯೇಷನ್ ಫಾರ್ ಸೈಕಲಾಜಿಕಲ್ ಸೈನ್ಸ್, ವಿಕಿಪೀಡಿಯದಲ್ಲಿರೋ ಮನೋವಿಜ್ಞಾನದ ಪುಟಗಳನ್ನು ನೀವೇ ಸರಿ ಮಾಡಿ ಅಂತ ತನ್ನ ಸದಸ್ಯರಿಗೂ ಅವರ ವಿದ್ಯಾರ್ಥಿಗಳಿಗೂ ಕರೆ ಕೊಟ್ಟಿತು. ಆಗ ಅದರ ಅಧ್ಯಕ್ಷರಾಗಿದ್ದವರು ನಮ್ಮ ಸಿಕಂದರಾಬಾದಿನಲ್ಲಿ ಹುಟ್ಟಿದ ಮಹಜರೀನ್ ಬಾನಾಜಿ. ಅದೇ 2011ರಲ್ಲಿ ಪುಣೆಯ ಕಾಲೇಜುಗಳಲ್ಲಿ ವಿಕಿಪೀಡಿಯದ ಪ್ರಯೋಗವೂ ನಡೆಯಿತು, ಅದು ಕೆಟ್ಟು ಕೂತಿತು. ಮಕ್ಕಳು ಪುಸ್ತಕದಿಂದ, ಜಾಲತಾಣಗಳಿಂದ ಎತ್ತಿ ಎತ್ತಿ ಅಂಟಿಸಿದರು. ಹಕ್ಕುಸ್ವಾಮ್ಯದ ಉಲ್ಲಂಘನೆ ಎಷ್ಟಾಯಿತು ಅಂದರೆ ಸಂಬಳ ಇಲ್ಲದೆ ದುಡಿಯೋ ಸ್ವಯಂಸೇವಕರು ಅದನ್ನು ಗುಡಿಸಿ ಗುಡಿಸಿ ಸುಸ್ತಾದರು, ಕೊನೆಗೆ ಕಾರ್ಯಕ್ರಮ ನಿಲ್ಲಿಸಬೇಕಾಯಿತು. ಅಲ್ಲಿ ಕೆಟ್ಟವರು ಮಕ್ಕಳಲ್ಲ. ಅಂಕ ಕೊಡುವವರಿಗೂ ಪುಟ ಕಾಯುವವರಿಗೂ ನಡುವೆ ಮಾತೇ ಇರಲಿಲ್ಲ. ಇಂಗ್ಲಿಷಿನಲ್ಲಿ ಗುಡಿಸೋರು ಸಾವಿರಾರು ಜನ ಇದ್ದಾರೆ. ಕನ್ನಡದಲ್ಲಿ ಅಷ್ಟು ಕೈ ಎಲ್ಲಿದೆ? ನಮ್ಮಲ್ಲಿ ಕಸ ಬಿದ್ದರೆ ಬಿದ್ದಲ್ಲೇ ಇರ್ತದೆ.

ಹಾಗಾದರೆ ವಿಷಯ ಆರಿಸೋದು ಹೇಗೆ? ನಾನು ಆ ಮಕ್ಕಳಿಗೆ ಹೇಳಿದ್ದು ಮೂರೇ ಮಾತು. ಒಂದು, ಆ ವಿಷಯದ ಬಗ್ಗೆ ಬೇರೆಯವರು ಅಚ್ಚಿನಲ್ಲಿ ಬರೆದದ್ದು ಇರಬೇಕು, ಅದು ಕೈಗೆ ಸಿಗಬೇಕು. ಒಂದೇ ಪುಸ್ತಕ ಇದ್ದರೆ ಸಾಲದು, ಒಬ್ಬರಿಗೊಬ್ಬರು ಸಂಬಂಧ ಇಲ್ಲದ ಎರಡು ಮೂರು ಕಡೆ ಬಂದಿರಬೇಕು. ಎರಡು, ವಿಷಯ ಅಂಗೈಯಲ್ಲಿ ಹಿಡಿಯೋ ಹಂಗಿರಬೇಕು. 'ಮನೋವಿಜ್ಞಾನದ ಇತಿಹಾಸ' ಅಂದರೆ ಹೊಲ ಪೂರ್ತಿ ಒಬ್ಬನೇ ಕಳೆ ತೆಗೀತೀನಿ ಅಂದಂಗೆ. ಒಂದು ಸಾಲು ಹಿಡೀರಿ. ಮೂರು, ಅದು ಕನ್ನಡದಲ್ಲಿ ಇಲ್ಲದಿರಬೇಕು ಅಥವಾ ಇದ್ದರೂ ಬಡಕಲಾಗಿರಬೇಕು. ಈ ಮೂರಕ್ಕೂ ಹೊಂದಿದರೆ ಫ್ರಾಯ್ಡ್ ಆದರೂ ಸರಿ, ಪಿಯಾಜೆ ಆದರೂ ಸರಿ.

ಈ ಮೂರು ಮಾತಿಗೆ ಹೊಂದುವ ವಿಷಯಗಳು ನಮ್ಮದೇ ನೆಲದಲ್ಲಿ ಎಷ್ಟು ಬಿದ್ದಿವೆ ಅಂತ ಅವರಿಗೆ ಯಾರೂ ಹೇಳಿಲ್ಲ. ಪಟ್ಟಿಯಲ್ಲಿ ಭಾರತದವರೇ ಇಲ್ಲ ಅಂದಾಗ ಒಬ್ಬಳು, "ನಮ್ಮವರು ಸೈಕಾಲಜಿ ಮಾಡಿದಾರಾ ಸಾ?" ಅಂತ ಕೇಳಿದಳು. ಆ ಪ್ರಶ್ನೆಗೆ ಅವಳು ಹೊಣೆ ಅಲ್ಲ.

ಮಾಡಿದ್ದಾರಮ್ಮ. ವುಂಟ್ ಲೀಪ್‌ಜಿಗ್‌ನಲ್ಲಿ ಪ್ರಯೋಗಾಲಯ ತೆರೆದದ್ದು 1879ರಲ್ಲಿ, ಅದು ಎಲ್ಲರಿಗೂ ಬಾಯಿಪಾಠ. ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ ಪ್ರಾಯೋಗಿಕ ಮನೋವಿಜ್ಞಾನದ ವಿಭಾಗ 1916ರಲ್ಲಿ ಶುರುವಾಯಿತು. ಅಲ್ಲಿಯ ಪಠ್ಯಕ್ರಮದ ಮೊದಲ ರೂಪ ಹಾಕಿದವರು ಬ್ರಜೇಂದ್ರನಾಥ ಸೀಲ್. ಇದೇ ಸೀಲ್ 1920ರ ದಶಕದ ಬಹುಪಾಲು ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದರು. ಅವರ ಕಾಲದಲ್ಲೇ, 1924ರಲ್ಲಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನ ವಿಭಾಗ ಶುರುವಾಯಿತು. ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ, ಲಂಡನ್ನಿನಲ್ಲಿ ಸ್ಪಿಯರ್‌ಮನ್ ಹತ್ರ ಡಾಕ್ಟರೇಟ್ ಮಾಡಿಕೊಂಡು ಬಂದವರು. ಬುದ್ಧಿಶಕ್ತಿಯ ಅಧ್ಯಾಯದಲ್ಲಿ ಸ್ಪಿಯರ್‌ಮನ್ ಹೆಸರನ್ನು ಮಕ್ಕಳು ಉರು ಹೊಡೀತಾರೆ, ಅವನ ಶಿಷ್ಯ ಮೈಸೂರಿನಲ್ಲಿ ಪಾಠ ಹೇಳಿದ್ದು ಗೊತ್ತಿಲ್ಲ. ಈ ಗೋಪಾಲಸ್ವಾಮಿಗಳೇ 1935ರಲ್ಲಿ ತಮ್ಮ ಮನೆಯಿಂದ ರೇಡಿಯೋ ಪ್ರಸಾರ ಶುರು ಮಾಡಿದವರು. ಅದರ ಹೆಸರು ಆಕಾಶವಾಣಿ. ಹೆಸರು ಸೂಚಿಸಿದವರು ನಾ. ಕಸ್ತೂರಿ ಅಂತ ಹೇಳುವುದುಂಟು. ಮುಂದೆ ಇಡೀ ದೇಶದ ಬಾನುಲಿಗೆ ಅದೇ ಹೆಸರಾಯಿತು. ರೇಡಿಯೋ ಚರಿತ್ರೆಯಲ್ಲಿ ಅವರಿಗೆ ಜಾಗ ಸಿಕ್ಕಿದೆ, ಅವರ ಸ್ವಂತ ವಿಷಯದ ಚರಿತ್ರೆಯನ್ನು ಓದೋ ಮಕ್ಕಳ ಪಟ್ಟಿಯಲ್ಲಿ ಸಿಕ್ಕಿಲ್ಲ.

ಇನ್ನೊಂದು ಹೆಸರು ಇದರ ಜೊತೆಗೇ ಗೊಂದಲ ಮಾಡ್ತದೆ: ಎಂ.ವಿ. ಗೋವಿಂದಸ್ವಾಮಿ. ಇವರು ಬೇರೆ, ಮನೋವೈದ್ಯರು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದವರು, 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾದಾಗ ಅದರ ಮೊದಲ ನಿರ್ದೇಶಕರು. ಆಸ್ಪತ್ರೆಯೂ ಸಂಸ್ಥೆಯೂ 1974ರಲ್ಲಿ ಕೂಡಿ ನಿಮ್ಹಾನ್ಸ್ ಆಯಿತು. ಅಲ್ಲಿ ಮನೋವಿಜ್ಞಾನ ಕಲಿಸಿದ ಸಾ.ಕೃ. ರಾಮಚಂದ್ರರಾವ್ 1962ರಲ್ಲೇ ಭಾರತದ ಮನೋವೈಜ್ಞಾನಿಕ ಚಿಂತನೆಯ ಬೆಳವಣಿಗೆ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಕನ್ನಡದಲ್ಲೂ ಕೈತುಂಬ ಬರೆದವರು ಅವರು. 'ಕೊರವಂಜಿ' ಪತ್ರಿಕೆಯ ರಾಶಿ, ಅಂದರೆ ಡಾ. ಎಂ. ಶಿವರಾಂ, ನಗಿಸುವವರು ಅಂತಲೇ ಎಲ್ಲರಿಗೂ ಗೊತ್ತು. ಅವರಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಹಾಸ್ಯಕ್ಕಲ್ಲ, ಮನೋರೋಗಗಳ ಬಗ್ಗೆ ಬರೆದ 'ಮನಮಂಥನ'ಕ್ಕೆ. 'ಶರಪಂಜರ' ಬರೆದ ತ್ರಿವೇಣಿ ಮೈಸೂರಿನಲ್ಲಿ ಮನೋವಿಜ್ಞಾನ ಓದಿದವರು. ಬಾಣಂತನದ ನಂತರ ಬುದ್ಧಿ ಕದಡಿದ ಹೆಂಗಸು ಗುಣವಾಗಿ ಮನೆಗೆ ಬಂದರೂ ಮನೆಯವರು ಅವಳನ್ನು ಗುಣವಾದವಳು ಅಂತ ನೋಡಲ್ಲ, ಅದು ಆ ಕಾದಂಬರಿ. ಕನ್ನಡದ ಎಷ್ಟೋ ಮನೆಗಳಿಗೆ ಮನೋವಿಜ್ಞಾನ ಕಾಲಿಟ್ಟದ್ದು ಕಾಲೇಜಿನಿಂದ ಅಲ್ಲ, ಇಂಥ ಕಾದಂಬರಿಯಿಂದ, ಆಮೇಲೆ ಪುಟ್ಟಣ್ಣನವರ ಸಿನಿಮಾದಿಂದ. ಇದು ಒಂದು ತಂಡಕ್ಕೆ ಸಾಕಾಗುವಷ್ಟು ವಿಷಯ.

ಇಷ್ಟಾದ ಮೇಲೆ ಆ ಕಾಟು ಹೊಡೆದ ಸಾಲಿಗೆ ಬರೋಣ. ಹನ್ನೊಂದನೇ ತಂಡದ ಹುಡುಗಿ ಮೊದಲು ಬರೆದಿದ್ದ ವಿಷಯ 'ಮೈಮೇಲೆ ದೇವರು ಬರುವುದು'. ಕಾಲೇಜಿನಲ್ಲಿ ಅದನ್ನು ನೋಡಿ ಇದು ಮನೋವಿಜ್ಞಾನ ಅಲ್ಲ, ಮೂಢನಂಬಿಕೆ, ಬೇರೆ ಆರಿಸಿಕೋ ಅಂದರಂತೆ. ಅವಳು ಪಾವ್ಲೋವ್ ಅಂತ ಬರೆದುಕೊಟ್ಟಳು.

ನಮ್ಮ ಸೀಮೆ ಗೊತ್ತಿಲ್ಲದವರಿಗೆ ಒಂದೆರಡು ಮಾತು. ನನ್ನಿವಾಳ ಮ್ಯಾಸನಾಯಕರ ಕಟ್ಟೆಮನೆ ಇರೋ ಊರು. ದೇವರ ಎತ್ತುಗಳನ್ನು ಸಾಕಿ ಪೂಜಿಸೋ ಜನ. ಗೌರಸಮುದ್ರದ ಮಾರಮ್ಮನ ಜಾತ್ರೆ, ಕಾಡುಗೊಲ್ಲರು ಬರಿಗಾಲಲ್ಲಿ ಮುಳ್ಳಿನ ಗುಡಿ ಹತ್ತೋ ಕ್ಯಾತಪ್ಪನ ಪರಿಶೆ, ಎಲ್ಲ ಇದೇ ಚಳ್ಳಕೆರೆ ತಾಲೂಕಿನವು. ಇದೇ ತಾಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವೂ ಇದೆ. ಇಲ್ಲಿ ದೇವರು ಬರೋದು ಸುದ್ದಿ ಅಲ್ಲ. ಮಳೆ ಯಾವಾಗ, ಮದುವೆ ಆಗ್ತದೋ ಇಲ್ಲವೋ, ಕಳುವಾದ ಕುರಿ ಎಲ್ಲಿ ಅಂತ ಕೇಳ್ತಾರೆ, ದೇವರು ಬಂದವರು ಹೇಳ್ತಾರೆ, ಇಳಿದ ಮೇಲೆ ಎದ್ದು ಮನೆಗೆ ಹೋಗಿ ರೊಟ್ಟಿ ತಟ್ತಾರೆ. ಆ ಹುಡುಗಿಯ ಅಜ್ಜಿಗೂ ದೇವರು ಬರ್ತದೆ.

"ನಾನ್ಯಾಕೆ ಅದನ್ನ ಬರೆದೆ ಅಂದ್ರೆ ಸಾ," ಅಂದಳು, "ನಮ್ ಟೆಕ್ಸ್ಟಿನಾಗೆ ಅದು ಹಿಸ್ಟೀರಿಯ ಅಂತೈತೆ. ನಮ್ಮಜ್ಜಿ ಕಾಯ್ಲೆಯೋಳಾ? ಆಯಮ್ಮನ ಒಂದು ದಿನ ಆಸ್ಪತ್ರೆಗೆ ಕರ್ಕೊಂಡೋದೋರಿಲ್ಲ."

ಇಡೀ ಪಟ್ಟಿಯಲ್ಲಿ ಪ್ರಶ್ನೆಯಿಂದ ಹುಟ್ಟಿದ ವಿಷಯ ಇದೊಂದೇ. ಉಳಿದವೆಲ್ಲ ಅಂಕದಿಂದ ಹುಟ್ಟಿದವು. ಅದನ್ನೇ ಕಾಟು ಹೊಡೆಸಿದ್ದಾರೆ. ಹೊಡೆಸಿದವರು ಕೊಟ್ಟ ಕಾರಣವೂ ನಿಲ್ಲಲ್ಲ. ಮನುಷ್ಯ ನಂಬೋದು, ನಡುಗೋದು, ತಾನು ತಾನಲ್ಲ ಅನ್ನಿಸಿಕೊಳ್ಳೋದು ಮನೋವಿಜ್ಞಾನಕ್ಕೆ ಸೇರದಿದ್ದರೆ ಇನ್ನೇನು ಸೇರ್ತದೆ? 'ಹಿಸ್ಟೀರಿಯ' ಅನ್ನೋ ಪದದ ಚರಿತ್ರೆಯೇ ಒಂದು ಲೇಖನ. ಗ್ರೀಕಿನಲ್ಲಿ ಗರ್ಭಕೋಶ ಅನ್ನೋ ಪದದಿಂದ ಬಂದದ್ದು, ಎರಡು ಸಾವಿರ ವರ್ಷ ಹೆಂಗಸರ ತಲೆಗೆ ಕಟ್ಟಿದ್ದ ಹಣೆಪಟ್ಟಿ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ 1980ರಲ್ಲಿ ಆ ಹೆಸರಿನ ರೋಗವನ್ನೇ ತೆಗೆದು ಹಾಕಿದರು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ ಹತ್ತನೇ ಆವೃತ್ತಿ 1992ರಲ್ಲಿ ಮನೋರೋಗಗಳ ವಿವರಣೆ ಕೊಟ್ಟಾಗ, ಮೈಮೇಲೆ ಬರೋದನ್ನು ಒಂದು ತೊಂದರೆಯಾಗಿ ಸೇರಿಸಿತು. ಆದರೆ ಒಂದು ಷರತ್ತು ಹಾಕಿತು: ಅದು ಬೇಡವೆಂದರೂ ಬರುವಂಥದ್ದಾಗಿರಬೇಕು, ಆ ಜನರ ಧರ್ಮ, ಆಚಾರ ಒಪ್ಪಿದ ಸಂದರ್ಭದ ಹೊರಗೆ ಬಂದು ಬದುಕಿಗೆ ತೊಡಕಾಗಿರಬೇಕು. ಅಂದರೆ ಗುಡಿಯ ಮುಂದೆ, ಹಬ್ಬದ ದಿನ, ದೇವರು ಬಂದು ಇಳಿಯೋ ಅಜ್ಜಿಯನ್ನು ಆ ಪುಸ್ತಕವೇ ರೋಗಿ ಅನ್ನಲ್ಲ. ಹುಡುಗಿಯ ಟೆಕ್ಸ್ಟು ಮಾತ್ರ ಅನ್ನುತ್ತೆ.

ನಮ್ಮ ರಾಜ್ಯದಲ್ಲೇ ಇದರ ಅಧ್ಯಯನ ಆಗಿದೆ. ಉಡುಪಿ ಕಡೆಯ ಕೋಟದಲ್ಲಿ ಕಾರ್‌ಸ್ಟೈರ್ಸ್ ಮತ್ತು ಆರ್.ಎಲ್. ಕಪೂರ್ ಅನ್ನೋ ಇಬ್ಬರು ಮನೋವೈದ್ಯರು ಊರೊಳಗೇ ಇದ್ದು ಬ್ರಾಹ್ಮಣರು, ಬಂಟರು, ಮೊಗೇರರ ಮನೆಗಳಲ್ಲಿ ಮನಸ್ಸಿನ ತೊಂದರೆಗಳ ಸಮೀಕ್ಷೆ ಮಾಡಿದರು. 1976ರಲ್ಲಿ 'ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ' ಅನ್ನೋ ಪುಸ್ತಕವಾಗಿ ಬಂತು. ಜನ ವೈದ್ಯರ ಹತ್ರವೂ ಹೋಗ್ತಾರೆ, ಮಂತ್ರವಾದಿ ಹತ್ರವೂ ಹೋಗ್ತಾರೆ, ಮೈಮೇಲೆ ಭೂತ ಬರೋ ಪಾತ್ರಿ ಹತ್ರವೂ ಹೋಗ್ತಾರೆ, ಒಂದಕ್ಕೊಂದು ಅಡ್ಡಿ ಅಂತ ಅವರಿಗೆ ಅನ್ನಿಸಲ್ಲ ಅನ್ನೋದನ್ನು ಕಪೂರ್ ಗಂಭೀರವಾಗಿ ತೆಗೆದುಕೊಂಡರು. ಮೂಢನಂಬಿಕೆ ಅಂತ ಒಂದೇ ಮಾತಿನಲ್ಲಿ ಕಾಟು ಹೊಡೆಯಲಿಲ್ಲ.

ಹಾಗಂತ ಹುಡುಗಿಯ ವಿಷಯ ಇದ್ದ ಹಾಗೇ ಸರಿ ಅಂತಲೂ ನಾನು ಹೇಳಲ್ಲ. ಅವಳ ತಂಡ ಏನು ಮಾಡಬೇಕು ಅಂತಿತ್ತು ಗೊತ್ತಾ? ಅಜ್ಜಿಯನ್ನು ಮಾತಾಡಿಸಿ, ಮೊಬೈಲಿನಲ್ಲಿ ಹಿಡಿದು, ಅದನ್ನೇ ಬರೆಯೋದು. ವಿಶ್ವಕೋಶ ಇದನ್ನು ಒಪ್ಪಲ್ಲ. ನೀನೇ ಕಂಡುಹಿಡಿದದ್ದು ಇಲ್ಲಿ ಬೇಡ, ಅಚ್ಚಾದದ್ದರ ಆಧಾರ ಕೊಡು ಅನ್ನುತ್ತೆ. ಈ ನಿಯಮ ಬಾಯಿಮಾತಿನ ಜನಕ್ಕೆ ಅನ್ಯಾಯ ಮಾಡ್ತದೆ ಅನ್ನೋ ವಾದ ಹಳೇದು, ಅದರಲ್ಲಿ ಸತ್ಯ ಇದೆ. 2011ರಲ್ಲೇ ಅಚಲ್ ಪ್ರಭಲ ಅನ್ನೋರು ಮಲಯಾಳಂ, ಹಿಂದಿ ಮತ್ತು ದಕ್ಷಿಣ ಆಫ್ರಿಕದ ಒಂದು ಭಾಷೆಯಲ್ಲಿ ಬಾಯಿಮಾತನ್ನು ದಾಖಲಿಸಿ ಆಧಾರವಾಗಿ ಕೊಡೋ ಪ್ರಯೋಗ ಮಾಡಿದ್ದರು, 'ಪೀಪಲ್ ಆರ್ ನಾಲೆಡ್ಜ್' ಅಂತ ಚಿತ್ರವನ್ನೂ ಮಾಡಿದರು. ಚರ್ಚೆ ಬಹಳ ಆಯಿತು, ನಿಯಮ ಬದಲಾಗಲಿಲ್ಲ.

ಆಟದ ನಿಯಮ, ಊರಿನ ಅಡುಗೆ, ಹಾಡಿನ ಹೆಸರು ಇಂಥವಕ್ಕೆ ಬಾಯಿಮಾತಿನ ಆಧಾರ ಬೇಕು, ನಾನು ಆ ಪಕ್ಷ. ಆದರೆ ಈ ವಿಷಯಕ್ಕೆ ನಿಯಮ ಇರೋದೇ ಒಳ್ಳೇದು ಅನ್ನಿಸ್ತದೆ. ಆ ಅಜ್ಜಿ ಮೊಮ್ಮಗಳ ಎದುರು ಹೇಳಿದ ಮಾತು ಮೊಮ್ಮಗಳಿಗೆ ಹೇಳಿದ್ದು, ಜಗತ್ತಿಗಲ್ಲ. ನಾಳೆ ಬೆಂಗಳೂರಿನಲ್ಲಿ ಕೂತ ಯಾರೋ ಅದೇ ಪುಟಕ್ಕೆ 'ರೋಗಲಕ್ಷಣ' ಅಂತ ತಲೆಬರಹ ಹಾಕಬಹುದು, ಮತ್ತೊಬ್ಬ 'ಪವಾಡ' ಅಂತ ಹಾಕಬಹುದು. ಪುಟ ಎಲ್ಲರದು, ಅಜ್ಜಿ ಮನೆಯವಳು. ಮನೆಯವಳನ್ನು ಬೀದಿಯ ಪಂಚಾಯ್ತಿಗೆ ಇಡಬಾರದು.

ಇನ್ನೊಂದು ಮಗ್ಗುಲೂ ಇದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯ ದರ್ಗಾದ ಹತ್ತಿರ ಒಂದು ಆಶ್ರಯತಾಣಕ್ಕೆ ಬೆಂಕಿ ಬಿತ್ತು. ವಾಸಿಯಾಗಲಿ ಅಂತ ತಂದು ಬಿಟ್ಟಿದ್ದ 28 ಜನ ಮನೋರೋಗಿಗಳು ಸತ್ತರು, ಸರಪಳಿ ಹಾಕಿ ಕಟ್ಟಿದ್ದರಿಂದ ಓಡೋಕೆ ಆಗಲಿಲ್ಲ. ಮನೋರೋಗಿಗಳನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ನಮ್ಮ ಕಡೆಯೂ ನಿಜವಾಗಿ ಮನಸ್ಸು ಕೆಟ್ಟು ನರಳುವವರನ್ನು ಗಾಳಿ ಸೋಕಿದೆ ಅಂತ ಅಂತ್ರ ಕಟ್ಟಿಸಿಕೊಂಡು ಗುಡಿಯಿಂದ ಗುಡಿಗೆ ಒಯ್ಯೋದು ನಿಂತಿಲ್ಲ. ಮಾತ್ರೆಯಿಂದ ನಾಲ್ಕು ವಾರದಲ್ಲಿ ಸುಧಾರಿಸಬಹುದಾದವರು ನಾಲ್ಕು ವರ್ಷ ಕಳೀತಾರೆ. ಎಲ್ಲವೂ ಸಂಸ್ಕೃತಿ ಅಂತ ಹಾಡಿ ಹೊಗಳೋ ಲೇಖನವೂ ಅಪಾಯ, ಎಲ್ಲವೂ ಹಿಸ್ಟೀರಿಯ ಅನ್ನೋ ಟೆಕ್ಸ್ಟಿನಷ್ಟೇ ಅಪಾಯ. ದೇವರು ಬರೋ ಅಜ್ಜಿಗೂ ನರಳೋ ರೋಗಿಗೂ ವ್ಯತ್ಯಾಸ ಏನು ಅಂತ ವೈದ್ಯಕೀಯ ಹೇಗೆ ನಿಧಾನವಾಗಿ ಕಲಿಯಿತು ಅನ್ನೋದೇ ಇಲ್ಲಿಯ ವಿಷಯ. ಹಿಸ್ಟೀರಿಯದಿಂದ 1992ರ ಷರತ್ತಿನವರೆಗೆ, ನಡುವೆ ಕೋಟ. ಇದಕ್ಕೆ ಅಚ್ಚಿನ ಆಧಾರ ಇದೆ, ಅಂಗೈಯಲ್ಲಿ ಹಿಡಿಯೋ ಹಂಗಿದೆ, ಅಜ್ಜಿಯ ಹೆಸರು ಎತ್ತುವ ಅಗತ್ಯವೇ ಇಲ್ಲ. ಹುಡುಗಿಯ ಪ್ರಶ್ನೆಗೆ ಉತ್ತರವೂ ಇದೆ.

ಅಸೈನ್‌ಮೆಂಟ್ ಕೊಟ್ಟವರಿಗೂ ಒಂದು ಮಾತು ಹೇಳಬೇಕು. ಮಕ್ಕಳಿಗೆ ಕೊಟ್ಟ ಅಂಕಗಳ ಪಟ್ಟಿಯಲ್ಲಿ ಲೇಖನ ಎಷ್ಟು ಉದ್ದ ಇರಬೇಕು, ಎಷ್ಟು ಚಿತ್ರ ಇರಬೇಕು, ಎಷ್ಟು ಉಲ್ಲೇಖ ಇರಬೇಕು ಅಂತ ಇದೆ. ವಿಷಯ ಯಾಕೆ ಆರಿಸಿದಿರಿ ಅನ್ನೋದಕ್ಕೆ ಅಂಕ ಇಲ್ಲ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಿದ್ದಕ್ಕೆ ಅಂಕ ಇಲ್ಲ, ಕೂಡಿ ಬರೆಯೋ ವಿಶ್ವಕೋಶದ ಜೀವವೇ ಅದು. ಮೊದಲು ಪ್ರಯೋಗಪುಟದಲ್ಲಿ ಬರೆದು, ಕನ್ನಡ ವಿಕಿಪೀಡಿಯದ ಅರಳಿ ಕಟ್ಟೆಯಲ್ಲಿ ಹಳಬರಿಗೆ ತೋರಿಸಿ ಅಂತ ಹೇಳಿಲ್ಲ. ಕಟ್ಟೆ ಅಂತ ಹೆಸರಿಟ್ಟಿರೋದೇ ಕೂತು ಮಾತಾಡೋಕೆ. ಅಳತೆ ಉದ್ದಕ್ಕೆ ಇದ್ದರೆ ಮಕ್ಕಳು ಉದ್ದವನ್ನೇ ಕೊಡ್ತಾರೆ. ಪಾವ್ಲೋವ್ ಹೇಳಿದ್ದೂ ಅದೇ ಅಲ್ಲವಾ?

ಇನ್ನು, ಒಂಬತ್ತನೇ ತಂಡದವರು ಮಾಸ್ಲೊ ಬಿಟ್ಟಿದ್ದಾರೆ. ಅವರು ಹಿಡಿದಿರೋದು ನಮಗೆ ಬಹಳ ಹತ್ತಿರದ ವಿಷಯ. ಮೊಳಕಾಲ್ಮೂರು ತಾಲೂಕು ದಾಟಿದರೆ ಬಳ್ಳಾರಿ ಜಿಲ್ಲೆ. 1980ರ ದಶಕದ ಮಧ್ಯದಲ್ಲಿ ನಿಮ್ಹಾನ್ಸಿನವರು ಆ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದರು. ಮನಸ್ಸಿನ ಕಾಯಿಲೆಗೆ ಬೆಂಗಳೂರಿಗೇ ಯಾಕೆ ಬರಬೇಕು ಅಂತ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಮನೆ ಮನೆ ತಿರುಗೋ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಬೇಕಾದ ಕೆಲವೇ ಔಷಧಿ ಅಲ್ಲೇ ಸಿಗೋ ಹಾಗೆ ಮಾಡಿದರು. ಮೂರ್ಛೆ ರೋಗ, ತೀವ್ರ ಮನೋರೋಗ ಇವನ್ನು ಗುರುತಿಸೋದು ಹೇಗೆ ಅಂತ ಸರಳವಾಗಿ ಕಲಿಸಿದರು. ಇದಕ್ಕೆ ಬಳ್ಳಾರಿ ಮಾದರಿ ಅಂತಲೇ ಹೆಸರಾಯಿತು. 1996ರಲ್ಲಿ ದೇಶದ ನಾಲ್ಕು ಜಿಲ್ಲೆಗಳಲ್ಲಿ ಶುರುವಾಗಿ ಆಮೇಲೆ ಹಬ್ಬಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಬುನಾದಿ. ಇವತ್ತು ಚಿತ್ರದುರ್ಗದ ಜಿಲ್ಲಾಸ್ಪತ್ರೆಗೆ ನಮ್ಮೂರಿನವರು ಮನೋವೈದ್ಯರನ್ನು ಹುಡುಕಿಕೊಂಡು ಹೋದರೆ, ಆ ಚೀಟಿಯ ಹಿಂದೆ ಬಳ್ಳಾರಿಯ ಹಳ್ಳಿಗಳ ಚರಿತ್ರೆ ಇದೆ. ಫ್ರಾಯ್ಡನ ಸೋಫಾಕ್ಕಿಂತ ಇದು ನಮ್ಮ ಮಕ್ಕಳಿಗೆ ಚೆನ್ನಾಗಿ ಅರ್ಥವಾಗ್ತದೆ.

ಹನ್ನೊಂದನೇ ತಂಡದವರು ಕಾಟು ಹೊಡೆದ ವಿಷಯವನ್ನು ಹೊಸ ತಲೆಬರಹದಲ್ಲಿ ಮತ್ತೆ ಬರೆದುಕೊಟ್ಟಿದ್ದಾರೆ. ಕಾಲೇಜಿನಲ್ಲಿ ಒಪ್ಪುತ್ತಾರೋ ಇಲ್ಲವೋ ಇನ್ನೂ ತಿಳಿದಿಲ್ಲ. ಒಪ್ಪದಿದ್ದರೂ ಅಂಕಕ್ಕೊಂದು ಪಾವ್ಲೋವ್ ಬರೆದುಕೊಟ್ಟು ಇದನ್ನು ರಜೆಯಲ್ಲಿ ಬರೀತೀನಿ ಅಂತ ಹುಡುಗಿ ಹೇಳಿದ್ದಾಳೆ. ಅವರಿಗೆ ಈಗ ಬೇಕಾಗಿರೋದು ಆಧಾರಗಳು. ನಿಮ್ಮಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ರಾಶಿಯವರ 'ಮನಮಂಥನ' ಇದ್ದರೆ, ಕೋಟದ ಪುಸ್ತಕ ಇದ್ದರೆ, 1980ರ ದಶಕದಲ್ಲಿ ಬಳ್ಳಾರಿಯ ಆರೋಗ್ಯ ಕೇಂದ್ರಗಳಿಗೆ ಕನ್ನಡದಲ್ಲಿ ಹಂಚಿದ ತರಬೇತಿ ಕೈಪಿಡಿ ಉಳಿದಿದ್ದರೆ, ದಯವಿಟ್ಟು ರದ್ದಿಗೆ ಹಾಕಬೇಡಿ. ಜೆರಾಕ್ಸ್ ಮಾಡಿಸಿಕೊಂಡು ವಾಪಸ್ ಕೊಡೋ ಜವಾಬ್ದಾರಿ ನನ್ನದು.